ಕೌಂಟರಿನ ಆಚೆ ನಿಂತವರ ಭಾಷೆ

2025ರ ಫೆಬ್ರವರಿ 3ರಂದು ಮಹಾರಾಷ್ಟ್ರ ಸರಕಾರ ಒಂದು ಆದೇಶ ಹೊರಡಿಸಿತು. ಸರಕಾರಿ, ಅರೆಸರಕಾರಿ ಕಚೇರಿಗಳಲ್ಲಿ ನೌಕರರು ಮರಾಠಿಯಲ್ಲೇ ಮಾತಾಡಬೇಕು, ಹಾಗೆಂದು ಬೋರ್ಡು ಹಾಕಬೇಕು, ಕಂಪ್ಯೂಟರಿನ ಕೀಲಿಮಣೆಯಲ್ಲಿ ದೇವನಾಗರಿ ಅಕ್ಷರಗಳೂ ಇರಬೇಕು. ತಪ್ಪಿದವರ ಮೇಲೆ ಶಿಸ್ತುಕ್ರಮ. ಹೊರರಾಜ್ಯ, ಹೊರದೇಶಗಳಿಂದ ಬಂದ ಮರಾಠಿ ಬಾರದವರ ಜೊತೆಗಾದರೆ ವಿನಾಯಿತಿ. ಸುದ್ದಿ ಓದಿದ ಭಾವ ಊರಿಂದ ಫೋನ್ ಮಾಡಿದರು. "ಎಂಥ ಮಾರಾಯ್ರೆ, ನಿಮ್ಮನ್ನೆಲ್ಲ ಓಡಿಸ್ತಾರಂತೆ?" ನನಗೆ ನಗು ಬಂತು. ಊರಿನವರಿಗೆ ಮುಂಬಯಿ ಅಂದರೆ ಇನ್ನೂ 1966ರಲ್ಲಿ ಶಿವಸೇನೆ ಹುಟ್ಟಿದ ಕಾಲದ ಮುಂಬಯಿಯೇ.

ಆ ಆದೇಶದ ಬಗ್ಗೆ ನನಗೂ ತಕರಾರಿದೆ. ಆದರೆ ಭಾವನ ತಕರಾರಲ್ಲ. ಅದನ್ನು ಹೇಳುವ ಮೊದಲು ನನ್ನದೊಂದು ತಪ್ಪು ಹೇಳಬೇಕು.

1983. ಹಿಂದಿನ ವರ್ಷ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರ ಇನ್ನೂ ಎಳೆಯುತ್ತಲೇ ಇತ್ತು. ನಾನು ಲಾಲ್‌ಬಾಗ್ ಹತ್ತಿರದ ಬ್ಯಾಂಕ್ ಶಾಖೆಯೊಂದರಲ್ಲಿ ಗುಮಾಸ್ತ, ರಾತ್ರಿ ಎಂ.ಕಾಂ. ಓದು. ಶಾಖೆಯಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರು. ಮ್ಯಾನೇಜರರ ಹತ್ತಿರವೂ ತುಳುವೇ ನಡೆಯುತ್ತಿತ್ತು. ಮರಾಠಿ ಕಲಿಯಬೇಕೆಂದು ಯಾರಿಗೂ ಅನಿಸಿರಲಿಲ್ಲ. ಒಂದು ದಿನ ಗಿರಣಿ ಕೆಲಸಗಾರನ ಹೆಂಡತಿಯೊಬ್ಬಳು ರಸೀದಿ ಚಾಚಿ, 'ಮುದತ್ ಠೇವ್ ಮೋಡಾಯಚಿ ಆಹೇ' ಅಂದಳು. ನನ್ನ ಕಿವಿಗೆ ಬಿದ್ದದ್ದು 'ಠೇವ್' ಒಂದೇ. ಠೇವ್ ಅಂದರೆ ಇಡು, ಅಷ್ಟು ಗೊತ್ತಿತ್ತು. ಮುಂದಕ್ಕೆ ಇಡಬೇಕಂತೆ ಅಂದುಕೊಂಡು ಠೇವಣಿ ನವೀಕರಿಸಲು ಹಾಕಿ, ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿ, ನಾಲ್ಕು ದಿನ ಬಿಟ್ಟು ಬರಲು ಕೈಸನ್ನೆ ಮಾಡಿದೆ. ಅವಳು ಹೇಳಿದ್ದು, ಠೇವಣಿ ಮುರಿಸಬೇಕು ಅಂತ. ನಾಲ್ಕು ದಿನದ ನಂತರ ಹಣ ಸಿಗುತ್ತದೆಂದು ಬಂದಾಗ ಹೊಸ ರಸೀದಿ ಕೈಗಿಟ್ಟೆ. ಅವಳು ಅಲ್ಲೇ ಕೂತು ಅತ್ತಳು. ನಮ್ಮ ಶಿಪಾಯಿ ಸಾತಾರೆಯವನು, ಅವನೇ ಕೇಳಿ ತಿಳಿಸಿದ್ದು. ಅಧಿಕಾರಿಗಳು ಸರಿಪಡಿಸಿ ಹಣ ಕೊಟ್ಟರು. ಅಷ್ಟರಲ್ಲಿ ಅವಳು ಮನೆ ಖರ್ಚಿಗೆ ಬಡ್ಡಿಗೆ ಸಾಲ ಎತ್ತಿಯಾಗಿತ್ತು. ನನಗೆ ಯಾರೂ ಬೈಯಲಿಲ್ಲ. ಆ ತಿಂಗಳೇ ಮರಾಠಿ ಅಂಕಲಿಪಿ ತಂದೆ.

ಆದ್ದರಿಂದ ನೌಕರನಿಗೆ ಜನರ ಭಾಷೆ ಬರಬೇಕೆಂಬ ನಿಯಮ ಅನ್ಯಾಯ ಅಂತ ನಾನು ಹೇಳಲಾರೆ. ನನ್ನ ತಕರಾರು ಏನೆಂದರೆ, ಈ ಆದೇಶ ನೌಕರನ ಬಾಯಿಯನ್ನು ನೋಡುತ್ತದೆ, ಎದುರಿಗಿರುವವರ ಕಿವಿಯನ್ನು ನೋಡುವುದಿಲ್ಲ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆಗಳಿವೆ. ಅಲ್ಲಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ನೇಮಿಸಿದ್ದು 2024ರಲ್ಲಿ ಸುದ್ದಿಯಾಯಿತು. ಮರಾಠಿಯ ಲೆಕ್ಕದಲ್ಲಿ ಆ ಮೇಷ್ಟ್ರುಗಳಿಗೆ ನೂರಕ್ಕೆ ನೂರು. ಒಂದನೇ ಇಯತ್ತೆಯ ಕನ್ನಡದ ಮಗುವಿನ ಮುಂದೆ ಅವರು, ಲಾಲ್‌ಬಾಗಿನ ಕೌಂಟರಿನಲ್ಲಿ ಕೂತಿದ್ದ ನಾನು, ಇಬ್ಬರೂ ಒಂದೇ. ಕಾಸರಗೋಡಿನ ಕನ್ನಡ ಶಾಲೆಗಳ ಗೋಳೂ ಇದೇ ಜಾತಿಯದು.

ಇನ್ನೊಂದು, ಕಲಿಸುವ ಮಾತು. ಭಾಷಾ ಅಲ್ಪಸಂಖ್ಯಾತರಿಗಾಗಿ ಕೇಂದ್ರ ಸರಕಾರ 1956ರಲ್ಲಿ ಹೊರಡಿಸಿದ ಜ್ಞಾಪನಪತ್ರ ಹದವಾದ ದಾರಿ ತೋರಿಸಿತ್ತು: ನೇಮಕದ ಹೊತ್ತಿಗೆ ರಾಜ್ಯಭಾಷೆಗೆ ಹಟ ಬೇಡ, ಪ್ರೊಬೇಷನ್ ಮುಗಿಯುವುದರೊಳಗೆ ಪರೀಕ್ಷೆ ಪಾಸಾಗಲಿ. ಇದನ್ನು ಯಾರೂ ಎತ್ತುವುದಿಲ್ಲ. 2025ರ ಮೇ ತಿಂಗಳಲ್ಲಿ ಚಂದಾಪುರದ ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರು ಕನ್ನಡ ಮಾತಾಡೋದಿಲ್ಲ ಅಂದದ್ದು ಎಲ್ಲರೂ ನೋಡಿದ್ದೇ. ಆ ಉದ್ಧಟತನಕ್ಕೆ ನನ್ನ ಸಮರ್ಥನೆ ಇಲ್ಲ. ಆದರೆ ವರ್ಗ ಮಾಡಿದರು, ಕೈ ತೊಳೆದುಕೊಂಡರು. ಗುಮಾಸ್ತರಿಗೆ ಸ್ಥಳೀಯ ಭಾಷೆಯ ಪರೀಕ್ಷೆ ಇದೆ. ಅಧಿಕಾರಿಗಳು ಮಾತ್ರ ದೇಶವಿಡೀ ತಿರುಗುವವರು. ಬಡ್ತಿ ಸಿಕ್ಕಿದ ಮೇಲೆ ನನ್ನನ್ನು ಗುಜರಾತಿಗೆ ಹಾಕಿದ್ದರು. ಹಿಂದಿಯ 'ಪ್ರಾಜ್ಞ' ಪರೀಕ್ಷೆಗೆ ತರಗತಿ ಇತ್ತು, ಹಿಂದಿ ದಿವಸಕ್ಕೆ ಬಹುಮಾನವಿತ್ತು. ಗುಜರಾತಿ ಕಲಿಸಿದ್ದು ಕೆಳಗಿನ ಚಹಾದಂಗಡಿಯವನು.

ನಮ್ಮ ಕರ್ನಾಟಕದ ಲೆಕ್ಕವನ್ನೂ ನೋಡಿ. ಗೋಕಾಕ್ ಚಳವಳಿಯ ಬಿಸಿಯಲ್ಲೇ ರಚನೆಯಾದ ಸರೋಜಿನಿ ಮಹಿಷಿ ಸಮಿತಿ 58 ಶಿಫಾರಸುಗಳನ್ನು ಕೊಟ್ಟಿತು. ಕನ್ನಡಿಗ ಯಾರೆಂದರೆ, 15 ವರ್ಷ ರಾಜ್ಯದಲ್ಲಿದ್ದು ಕನ್ನಡ ಓದಲು ಬರೆಯಲು ಬಲ್ಲವನು. ಖಾಸಗಿ ಉದ್ಯೋಗಕ್ಕಾಗಿ 2024ರ ಜುಲೈಯಲ್ಲಿ ಸಂಪುಟ ಒಪ್ಪಿ, ಗದ್ದಲವೆದ್ದ ಮೇಲೆ ತಡೆಹಿಡಿದ ಮಸೂದೆಯಲ್ಲೂ ಅದೇ 15 ವರ್ಷ, ಜೊತೆಗೆ ಹುಟ್ಟೂ ಅಲ್ಲೇ ಆಗಿರಬೇಕಿತ್ತು. ಸಂವಿಧಾನದ 16(2)ನೇ ವಿಧಿ ಸರಕಾರಿ ಕೆಲಸಕ್ಕೆ ಹುಟ್ಟಿದ ಜಾಗ, ವಾಸದ ಜಾಗ ನೋಡಿ ಭೇದ ಮಾಡಬೇಡಿ ಅನ್ನುತ್ತದೆ. ಭಾಷೆ ಆ ಪಟ್ಟಿಯಲ್ಲಿಲ್ಲ, ಯಾಕೆಂದರೆ ಭಾಷೆ ಕಲಿಯಬಹುದಾದದ್ದು. ಈ ಎರಡನ್ನು ಯಾಕೆ ಒಂದೇ ಹಗ್ಗಕ್ಕೆ ಕಟ್ಟುತ್ತಾರೋ!

ನನ್ನ ಮಗಳು ಹುಟ್ಟಿದ್ದು ಡೊಂಬಿವಲಿಯಲ್ಲಿ. ಹೆಂಡತಿ ಕೂರಿಸಿ ಕಲಿಸಿದ್ದರಿಂದ ಕನ್ನಡ ಓದುತ್ತಾಳೆ, ಬರೆಯುತ್ತಾಳೆ, ಒತ್ತಕ್ಷರದಲ್ಲಿ ಆಗೀಗ ಎಡವುತ್ತಾಳೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಆಸೆ ಅವಳಿಗೆ. ಪರೀಕ್ಷೆ ಇಟ್ಟರೆ ನಾಳೆಯೇ ಬರೆದಾಳು. ಆ 15 ವರ್ಷವನ್ನು ನಾನೆಲ್ಲಿಂದ ತಂದುಕೊಡಲಿ?