ಎರಿಹೊಲದ ಬದುವಿನ ಚಿಟ್ಟೆಗಳು

ಮಹಾರಾಷ್ಟ್ರ-ಕರ್ನಾಟಕ ಗಡಿಯ ಮುರುಮ, ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಚಿಟ್ಟೆಗಳ ತಾಣ ಕಾಡಲ್ಲ, ಎರಿಹೊಲದ ಬದು. ನೇಗಿಲು ಮುಟ್ಟದ ಆ ಪಟ್ಟಿಯಲ್ಲಿ ಎಕ್ಕ, ತಗಚೆ, ಆವರಿಕೆ, ಔಡಲ ಬೆಳೆಯುತ್ತವೆ. ಮರಿಹುಳುಗಳ ಮೇವು ಇವೇ. ಮಹಾರಾಷ್ಟ್ರ 2015ರಲ್ಲಿ ರಾಜ್ಯ ಚಿಟ್ಟೆ ಎಂದು ಸಾರಿದ ಬ್ಲೂ ಮಾರ್ಮನ್, ಕರ್ನಾಟಕದ ಸದರ್ನ್ ಬರ್ಡ್‌ವಿಂಗ್ ಎರಡೂ ಹಸಿ ಕಾಡಿನವು. ಅವುಗಳ ಆಸೆಗೆ ಇಲ್ಲಿ ಅಲೆಯುವುದು ವ್ಯರ್ಥ.

ಮಿರಗದ ಮಳೆಗೆ ತಗಚೆ ಮೊಳೆತರೆ ಗ್ರಾಸ್ ಯೆಲ್ಲೊ ಅದರ ಎಲೆಗೆ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ರೆಕ್ಕೆ ಬರುವತನಕ ಮೂರು-ನಾಲ್ಕು ವಾರ. ಹಾಗಾಗಿ ಪುನರ್ವಸು ಕಳೆಯುವಷ್ಟರಲ್ಲಿ ಬದುವಿನ ತುಂಬ ಹಳದಿ. ಹುಬ್ಬಿ, ಉತ್ತರಿ ಮಳೆಯ ನಡುವಿನ ಬಿಸಿಲೇ ನೋಡುಗರಿಗೆ ಸುಗ್ಗಿ. ಎಕ್ಕದ ಹಾಲುಂಡು ಬೆಳೆದ ಪ್ಲೇನ್ ಟೈಗರ್ ಹಕ್ಕಿಗಳ ಬಾಯಿಗೆ ರುಚಿಸದು. ಅದು ಅವಸರವಿಲ್ಲದೆ ಹಾರುತ್ತದೆ. ಡೇನೇಯ್ಡ್ ಎಗ್‌ಫ್ಲೈ ಹೆಣ್ಣು ಅದೇ ಕಿತ್ತಳೆ ಬಣ್ಣ, ಅದೇ ನಡೆ ತೊಟ್ಟು ಬದುಕಿಕೊಳ್ಳುತ್ತದೆ. ಹಿಂರೆಕ್ಕೆಯ ನಡುವೆ ಮೂರು-ನಾಲ್ಕು ಕಪ್ಪು ಚುಕ್ಕೆಗಳಿದ್ದರೆ ಅಸಲಿ. ಮೇಲಂಚಿನ ಹತ್ತಿರ ಒಂದೇ ಚುಕ್ಕೆಯಿದ್ದರೆ ನಕಲಿ.

ಸೀಗಿಹುಣ್ಣಿಮೆ ದಾಟಿ ತೊಗರಿ ಹೂ ಬಿಟ್ಟಾಗ ಪೀ ಬ್ಲೂ ಕಾಲ. ಹೆಣ್ಣು ಮೊಗ್ಗಿಗೊಂದು ಮೊಟ್ಟೆ ಅಂಟಿಸುತ್ತದೆ. ಹುಳು ಒಳಗೆ ಕೊರೆದು ಹೂ, ಕಾಯಿ ತಿನ್ನುತ್ತದೆ, ಅದು ಒಸರುವ ಸಿಹಿಗೆ ಇರುವೆಗಳು ಸುತ್ತುತ್ತವೆ. ರೈತರಿಗೆ ಇದು ಕೀಟವೇ, ಆ ಮಾತು ತಪ್ಪಲ್ಲ. ಆದರೆ ಕಾಯಿಕೊರಕಕ್ಕೆ ಹೊಡೆದ ಔಷಧ ಬದುವಿನ ಎಕ್ಕದ ಮೇಲೂ ಬೀಳುತ್ತದೆ.

ಚಳಿ ಹಿಡಿದ ಮೇಲೆ ಪರಿಚಿತ ಚಿಟ್ಟೆಗಳೂ ಗುರುತು ತಪ್ಪಿಸುತ್ತವೆ. ಕಾಮನ್ ಈವನಿಂಗ್ ಬ್ರೌನ್‌ನ ರೆಕ್ಕೆಯಡಿ ಮಳೆಗಾಲದಲ್ಲಿ ಉಂಗುರಗಣ್ಣುಗಳ ಸಾಲು. ಒಣಗಾಲದಲ್ಲಿ ಆ ಕಣ್ಣುಗಳು ಮಾಸಿ, ಅಂಚು ಮೊನಚಾಗಿ, ಅದು ತರಗೆಲೆಯೇ ಆಗಿಬಿಡುತ್ತದೆ. ಎರಡೂ ಬೇರೆ ಜಾತಿ ಎಂಬ ಭಾವನೆ ಬಹುಕಾಲ ಇತ್ತು. 19ನೇ ಶತಮಾನದ ಕೊನೆಯಲ್ಲಿ ಚಿಟ್ಟೆತಜ್ಞ ಲಯನೆಲ್ ಡಿ ನೀಸೆವಿಲ್ ಕಲ್ಕತ್ತೆಯಲ್ಲಿ ಈ ಬಳಗದ ಹುಳುಗಳನ್ನು ಸಾಕಿ ಒಂದೇ ಜಾತಿಯ ಎರಡು ವೇಷವೆಂದು ತೋರಿಸಿದರು. ಹುಳು ಬೆಳೆಯುವಾಗಿನ ಕಾವು ತಂಪುಗಳು ವೇಷವನ್ನು ಬಹುಮಟ್ಟಿಗೆ ಗೊತ್ತುಮಾಡುತ್ತವೆ. ಪೀಕಾಕ್ ಪ್ಯಾನ್ಸಿಯದೂ ಇದೇ ಕತೆ. ಎಳ್ಳಮಾವಾಸ್ಯೆಗೆ ಊರೆಲ್ಲ ಹೊಲಕ್ಕೆ ಹೋದಾಗ ಒಣವೇಷದ ಚಿಟ್ಟೆ ಕಾಲಬುಡದಲ್ಲೇ ಕೂತಿದ್ದರೂ ಹಾರುವ ತನಕ ಕಾಣದು.

ಬೇಸಿಗೆಯಲ್ಲಿ ನೋಟ ಕಡಿಮೆ. ಬಾವಿದಂಡೆಯ ನಿಂಬೆಗಿಡದ ಸುತ್ತ ಲೈಮ್ ಚಿಟ್ಟೆ, ಒಣಗದ ಎಕ್ಕದ ಹತ್ತಿರ ಪ್ಲೇನ್ ಟೈಗರ್, ಅದೂ ಬಿಸಿಲೇರುವ ಮುಂಚೆ.