ಮಿಷನರಿಯ ಮನೆಯೊಳಗಿನ ಮಾತು

ಮಿಷನರಿ ಎಂದ ಕೂಡಲೇ ಕನ್ನಡದ ಓದುಗರ ಕಣ್ಣ ಮುಂದೆ ಎರಡು ಚಿತ್ರಗಳು ನಿಲ್ಲುತ್ತವೆ. ಒಂದು, 1894ರಲ್ಲಿ ಕನ್ನಡಕ್ಕೆ ದೊಡ್ಡ ನಿಘಂಟನ್ನು ಕೊಟ್ಟ ಕಿಟೆಲ್, 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಮೋಗ್ಲಿಂಗ್. ಇನ್ನೊಂದು, ಮತಾಂತರದ ಗಲಾಟೆ ಎದ್ದಾಗಲೆಲ್ಲ ಭಾಷಣಗಳಲ್ಲಿ ಹುಟ್ಟಿಕೊಳ್ಳುವ, ಹೆಸರಿಲ್ಲದ, ಮುಖವಿಲ್ಲದ ಸಂಚುಗಾರ. ಮೊದಲನೆಯವನಿಗೆ ನಾವು ಪ್ರತಿಮೆ ನಿಲ್ಲಿಸಿದೆವು. ಎರಡನೆಯವನ ಹೆಸರಿನಲ್ಲಿ 2008ರಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿ ನಡೆದುದನ್ನು ನೋಡಿದೆವು. ಈ ಎರಡೂ ಚಿತ್ರಗಳಲ್ಲಿ ಇಲ್ಲದಿರುವುದು ಮನೆ. ಮಿಷನರಿಗೂ ಹೆಂಡತಿಯಿದ್ದಳು, ಮಕ್ಕಳಿದ್ದರು, ಅವರು ಪರದೇಶದ ಜ್ವರದಲ್ಲಿ ನರಳಿದರು, ಯಾರದೋ ಕರೆಗೆ ತಾವು ಬೆಲೆ ತೆತ್ತರು ಎಂಬುದು ನಮ್ಮ ಚರ್ಚೆಯೊಳಗೆ ಬರುವುದೇ ಇಲ್ಲ.

ಅಮೆರಿಕದ ಲೇಖಕಿ ಬಾರ್ಬರಾ ಕಿಂಗ್‌ಸಾಲ್ವರ್ 1998ರಲ್ಲಿ ಪ್ರಕಟಿಸಿದ 'ದಿ ಪಾಯ್ಸನ್‌ವುಡ್ ಬೈಬಲ್' ಕಾದಂಬರಿಯನ್ನು ಇಂದು ಮತ್ತೆ ಓದಬೇಕಾದದ್ದು ಈ ಕಾರಣಕ್ಕೆ. ಅದು ಮಿಷನರಿಯ ಕತೆಯಲ್ಲ, ಮಿಷನರಿಯ ಕುಟುಂಬದ ಕತೆ. ಆದರೆ ಅದನ್ನು ಭಾರತದಲ್ಲಿ, ಅದರಲ್ಲೂ ಅಲ್ಪಸಂಖ್ಯಾತರಾಗಿ ಕೂತು ಓದುವಾಗ ನಾವು ಕೆಲವು ಎಚ್ಚರಗಳನ್ನು ಇಟ್ಟುಕೊಳ್ಳಬೇಕಾಗುತ್ತದೆ ಎಂಬುದು ಈ ಬರಹದ ವಾದ.

ಕತೆ ಸರಳವಾದುದು. 1959ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಬ್ಯಾಪ್ಟಿಸ್ಟ್ ಬೋಧಕ ನೇಥನ್ ಪ್ರೈಸ್ ತನ್ನ ಹೆಂಡತಿ ಒರ್ಲಿಯಾನ ಮತ್ತು ನಾಲ್ವರು ಹೆಣ್ಣುಮಕ್ಕಳೊಂದಿಗೆ ಬೆಲ್ಜಿಯಂ ಆಳ್ವಿಕೆಯಲ್ಲಿದ್ದ ಕಾಂಗೋದ ಕಿಲಾಂಗ ಎಂಬ ಹಳ್ಳಿಗೆ ಬರುತ್ತಾನೆ. ವಿಮಾನದ ತೂಕದ ಮಿತಿಯನ್ನು ದಾಟಲು ಹೆಂಗಸರು ಕೇಕಿನ ಪುಡಿಯ ಪೊಟ್ಟಣಗಳನ್ನು, ಸಾಮಾನು ಸರಂಜಾಮನ್ನು ಬಟ್ಟೆಯೊಳಗೆ ಕಟ್ಟಿಕೊಂಡು ಬಂದಿದ್ದಾರೆ. ಆ ನೆಲದ ತೇವಕ್ಕೆ ಕೇಕಿನ ಪುಡಿ ಕಲ್ಲಾಗುತ್ತದೆ. ನೇಥನ್ ತನ್ನೂರಿನ ತರಕಾರಿ ಬೀಜಗಳನ್ನು ಸಮತಟ್ಟಾದ ಮಡಿಯಲ್ಲಿ ಬಿತ್ತುತ್ತಾನೆ. ಮಣ್ಣನ್ನು ದಿಬ್ಬ ಮಾಡಿ ಬಿತ್ತಬೇಕು ಎಂದು ಮನೆಗೆಲಸದ ಮಾಮಾ ತಾತಾಬ ಹೇಳಿದರೂ ಕೇಳುವುದಿಲ್ಲ. ಮೊದಲ ದೊಡ್ಡ ಮಳೆಗೆ ಬೀಜ ಕೊಚ್ಚಿಹೋಗುತ್ತದೆ. ಎರಡನೆಯ ಸಲ ಬಳ್ಳಿ ಹಬ್ಬುತ್ತದೆ, ಹೂವು ಬಿಡುತ್ತದೆ, ಕಾಯಿ ಕಟ್ಟುವುದಿಲ್ಲ. ಆ ಹೂವನ್ನು ಬಲ್ಲ ದುಂಬಿ ಅಲ್ಲಿಲ್ಲ.

ಹಳ್ಳಿಯ ಮಕ್ಕಳನ್ನು ನದಿಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡಬೇಕೆಂದು ಆತ ಹಟ ಹಿಡಿಯುತ್ತಾನೆ. ಊರವರು ಒಪ್ಪುವುದಿಲ್ಲ. ಅವರದು ಧರ್ಮವಿರೋಧವೆಂದು ಅವನ ತಿಳಿವಳಿಕೆ. ನಿಜವೆಂದರೆ ಆ ನದಿಯಲ್ಲಿ ಮೊಸಳೆಗಳಿವೆ, ಹಿಂದೆ ಒಂದು ಹುಡುಗಿಯನ್ನು ಮೊಸಳೆ ಕೊಂದಿದೆ. ಈ ಮಾತನ್ನು ತಿಳಿಯಲು ಅವನಿಗೆ ತಿಂಗಳುಗಳೇ ಬೇಕಾಗುತ್ತವೆ, ಯಾಕೆಂದರೆ ಆತ ಯಾರನ್ನೂ ಕೇಳಿರುವುದಿಲ್ಲ. ಕಾದಂಬರಿಯ ಹೆಸರು ಬಂದಿರುವುದೂ ಇಂಥದೇ ಕಿವುಡಿನಿಂದ. ಕಿಕೊಂಗೋ ಭಾಷೆಯ 'ಬಂಗಾಲ' ಎಂಬ ಪದವನ್ನು ಒಂದು ರೀತಿ ಉಚ್ಚರಿಸಿದರೆ 'ಅಮೂಲ್ಯವಾದದ್ದು' ಎಂದಾಗುತ್ತದೆ, ಇನ್ನೊಂದು ರೀತಿ ಉಚ್ಚರಿಸಿದರೆ ಸೊನೆ ತಾಗಿದರೆ ಮೈಯೆಲ್ಲ ಉರಿದು ಬೊಕ್ಕೆ ಏಳುವ, ನಮ್ಮ ಕರಾವಳಿಯ ಚೇರೆಯಂಥ ಒಂದು ವಿಷದ ಮರ ಎಂದಾಗುತ್ತದೆ. ಪ್ರತಿ ಪ್ರಾರ್ಥನೆಯ ಕೊನೆಗೆ ನೇಥನ್ ಯೇಸುವನ್ನು ಅಮೂಲ್ಯ ಎಂದು ಹೊಗಳಲು ಹೋಗಿ ವಿಷದ ಮರ ಎಂದು ಸಾರುತ್ತಾನೆ. ಯಾವ ದೇವರನ್ನು ಎತ್ತಿಹಿಡಿಯಲು ಕಡಲು ದಾಟಿ ಬಂದನೋ ಆ ದೇವರನ್ನೇ ದಿನವೂ ಅವಮಾನಿಸುತ್ತಾನೆ. ಧರ್ಮೋಪದೇಶದ ಅಹಂಕಾರದ ಬಗ್ಗೆ ಇದಕ್ಕಿಂತ ತೀಕ್ಷ್ಣವಾದ ರೂಪಕವನ್ನು ನಾವು ಬೇರೆ ಕಾದಂಬರಿಗಳಲ್ಲಿ ಕಂಡಿಲ್ಲ.

ಕಿಂಗ್‌ಸಾಲ್ವರ್ ಅವರ ಮುಖ್ಯ ನಿರ್ಧಾರವೆಂದರೆ ನೇಥನ್‌ಗೆ ನಿರೂಪಣೆಯ ಹಕ್ಕನ್ನೇ ಕೊಡದಿರುವುದು. ಕತೆಯನ್ನು ಹೇಳುವವರು ಐವರು ಹೆಂಗಸರು. ತಾಯಿ ವರ್ಷಗಳ ನಂತರ ನೆನಪಿಸಿಕೊಂಡು ಹೇಳುತ್ತಾಳೆ. ರೇಚಲ್, ಅವಳಿ ಮಕ್ಕಳಾದ ಲಿಯಾ ಮತ್ತು ಅಡಾ, ಐದು ವರ್ಷದ ರೂತ್ ಮೇ ಆಯಾ ಗಳಿಗೆಯಲ್ಲಿ ನಿಂತು ಹೇಳುತ್ತಾರೆ. ಮನೆಯಲ್ಲಿ ಸದಾ ಮಾತಾಡುತ್ತಿದ್ದವನು ಪುಸ್ತಕದಲ್ಲಿ ಮೂಕ, ಮನೆಯಲ್ಲಿ ಬಾಯಿ ಬಿಡದವರದೇ ಇಲ್ಲಿ ಮಾತು. ಚರ್ಚಿನ ವರದಿಗಳಲ್ಲಿ 'ಸೇವೆ' ಎಂದು ದಾಖಲಾಗುವ ಬದುಕು ಒಳಗಿನಿಂದ ಹೇಗಿರುತ್ತದೆ ಎಂಬುದು ಆಗ ಕಾಣತೊಡಗುತ್ತದೆ: ನೀರು ಕುದಿಸುವುದು, ಮಲೇರಿಯಾ ಮಾತ್ರೆ, ಹಸಿವು, ಗಂಡನ ಬೆಲ್ಟಿನ ಹೆದರಿಕೆ. ಒಂದು ರಾತ್ರಿ ಇರುವೆಗಳ ದಂಡು ಹಳ್ಳಿಯನ್ನೇ ಮುತ್ತಿದಾಗ ಒರ್ಲಿಯಾನ ಕಿರಿಯವಳನ್ನು ಎತ್ತಿಕೊಂಡು ಓಡುತ್ತಾಳೆ, ಕಾಲು ಎಳೆದು ನಡೆಯುವ ಅಡಾ ಹಿಂದೆ ಉಳಿಯುತ್ತಾಳೆ. ಆ ಒಂದು ಆಯ್ಕೆ ತಾಯಿ ಮಗಳ ನಡುವೆ ಜೀವನಪೂರ್ತಿ ಉಳಿಯುತ್ತದೆ.

ನೇಥನ್ ಕೂಡ ಬರೀ ರಾಕ್ಷಸನಲ್ಲ. ಎರಡನೆಯ ಮಹಾಯುದ್ಧದಲ್ಲಿ ಫಿಲಿಪ್ಪೀನ್ಸಿನ ಬತಾನ್‌ನಲ್ಲಿ ಅವನ ತುಕಡಿಯ ಸೈನಿಕರೆಲ್ಲ ಸತ್ತರು, ಗಾಯಗೊಂಡಿದ್ದ ಇವನು ಉಳಿದ. ಉಳಿದುಬಂದ ನಾಚಿಕೆಯೇ ಅವನನ್ನು ಎಂದೂ ಎಲ್ಲಿಂದಲೂ ಓಡದ ಹಟವಾದಿಯನ್ನಾಗಿ ಮಾಡಿತು. 1960ರ ಜೂನ್ 30ರಂದು ಕಾಂಗೋ ಸ್ವತಂತ್ರವಾಗುವ ಮುನ್ನ ಮಿಷನ್ನಿನವರೇ ಹೊರಡಿ ಎಂದರೂ ಆತ ಕದಲುವುದಿಲ್ಲ. ಬೆಲೆ ತೆತ್ತವಳು ರೂತ್ ಮೇ. ಆಕೆ ಹಾವು ಕಚ್ಚಿ ಸತ್ತಾಗ ತಂದೆಯ ಬಾಯಿಂದ ಬರುವ ಮಾತು, ಮಗುವಿಗೆ ಇನ್ನೂ ದೀಕ್ಷಾಸ್ನಾನ ಆಗಿರಲಿಲ್ಲ ಎಂಬುದು. ಆ ದಿನವೇ ಒರ್ಲಿಯಾನ ಉಳಿದ ಮಕ್ಕಳನ್ನು ಕರೆದುಕೊಂಡು ಹಳ್ಳಿಯಿಂದ ನಡೆದುಬಿಡುತ್ತಾಳೆ.

ಇಲ್ಲಿಯವರೆಗೆ ನಮ್ಮ ಮೆಚ್ಚುಗೆ. ಇನ್ನು ತಕರಾರು.

ರೂತ್ ಮೇ ಸಾಯುವ ದಿನವನ್ನು ಲೇಖಕಿ 1961ರ ಜನವರಿ 17ಕ್ಕೆ, ಅಂದರೆ ಕಾಂಗೋದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರ ಹತ್ಯೆಯ ದಿನಕ್ಕೆ ಕಟ್ಟಿದ್ದಾರೆ. ಲುಮುಂಬಾರನ್ನು ಕೊಲ್ಲಲು ಅಮೆರಿಕದ ಗುಪ್ತಚರ ಸಂಸ್ಥೆ ಸಂಚು ಹೂಡಿತ್ತೆಂದು ಅಲ್ಲಿನ ಸೆನೆಟ್ ಸಮಿತಿಯೇ 1975ರಲ್ಲಿ ಬಹಿರಂಗಪಡಿಸಿತು. ಬೆಲ್ಜಿಯಂ 2002ರಲ್ಲಿ ಕ್ಷಮೆ ಕೇಳಿತು, 2022ರಲ್ಲಿ ಅವರ ಶರೀರದಿಂದ ಉಳಿದಿದ್ದ ಒಂದು ಹಲ್ಲನ್ನು ಕುಟುಂಬಕ್ಕೆ ಹಿಂದಿರುಗಿಸಿತು. ಒಂದು ದೇಶದ ಕನಸನ್ನು ಮತ್ತು ಒಂದು ಮಗುವನ್ನು ಒಟ್ಟಿಗೆ ಮಣ್ಣು ಮಾಡುವ ಈ ಜೋಡಣೆ ಪರಿಣಾಮಕಾರಿಯೇನೋ ಹೌದು. ಆದರೆ ಇದೇ ಕಿಲಾಂಗದಲ್ಲಿ ಭೇದಿಯ ರೋಗಕ್ಕೆ ಊರಿನ ಮಕ್ಕಳು ಸಾಲುಸಾಲಾಗಿ ಸತ್ತಿದ್ದಾರೆ. ಅವರ ತಾಯಂದಿರ ಅಳು ನಮಗೆ ದೂರದಿಂದ ಕೇಳುತ್ತದೆ ಅಷ್ಟೆ. ಐವರು ನಿರೂಪಕಿಯರಲ್ಲಿ ಕಾಂಗೋದವಳು ಒಬ್ಬಳೂ ಇಲ್ಲ. ಗಂಡನ ಕೈಯಲ್ಲಿ ಸಿಕ್ಕ ತನ್ನ ಬಾಳನ್ನು ಒರ್ಲಿಯಾನ ಬಿಳಿಯರ ಕೈಯಲ್ಲಿ ಸಿಕ್ಕ ಕಾಂಗೋಕ್ಕೆ ಹೋಲಿಸಿಕೊಳ್ಳುತ್ತಾಳೆ. ಆಕೆಗೆ ನಡೆದು ಹೋಗಲು ಅಮೆರಿಕ ಇತ್ತು. ಮಾಮಾ ತಾತಾಬಳಿಗೆ ಎಲ್ಲಿತ್ತು?

ಎರಡನೆಯದು ಇನ್ನೂ ಗಂಭೀರವಾದುದು. ಊರ ಮುಖ್ಯಸ್ಥ ತಾತಾ ಎಂಡು ಚರ್ಚಿನೊಳಗೇ ಯೇಸು ಬೇಕೋ ಬೇಡವೋ ಎಂದು ಮತ ಹಾಕಿಸುವ ಪ್ರಸಂಗವಿದೆ. ಯೇಸು ಸೋಲುತ್ತಾನೆ. ಪ್ರಜಾಪ್ರಭುತ್ವವನ್ನು ಬೋಧಿಸಿದವರಿಗೆ ಅದರಿಂದಲೇ ಕೊಟ್ಟ ಉತ್ತರ ಇದು, ಓದುವಾಗ ನಗು ಬರುತ್ತದೆ. ಆದರೆ ಇದನ್ನೇ ಕಾಂಗೋದ ಧಾರ್ಮಿಕ ಚರಿತ್ರೆ ಎಂದು ನಂಬಿದರೆ ನಾವು ಮೋಸಹೋಗುತ್ತೇವೆ. ಕಿಕೊಂಗೋ ಮಾತಾಡುವ ಕೊಂಗೋ ರಾಜ್ಯದ ಅರಸ ಕ್ರೈಸ್ತನಾದದ್ದು 1491ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವುದಕ್ಕೆ ಏಳು ವರ್ಷ ಮೊದಲು. 1921ರಲ್ಲಿ ಸೈಮನ್ ಕಿಂಬಾಂಗು ಎಂಬ ಬ್ಯಾಪ್ಟಿಸ್ಟ್ ಬೋಧಕ ಎನ್‌ಕಾಂಬಾ ಎಂಬ ಹಳ್ಳಿಯಲ್ಲಿ ಉಪದೇಶ, ರೋಗಶಮನ ಆರಂಭಿಸಿದಾಗ ಸಾವಿರಾರು ಕರಿಯರು ಅವರ ಹಿಂದೆ ಹೋದರು. ಹೆದರಿದ ಬೆಲ್ಜಿಯಂ ಸರಕಾರ ಮೊದಲು ಮರಣದಂಡನೆ ವಿಧಿಸಿ, ಆಮೇಲೆ ಅದನ್ನು ಜೀವಾವಧಿಗೆ ಇಳಿಸಿತು. ಮೂವತ್ತು ವರ್ಷ ಸೆರೆಯಲ್ಲಿದ್ದು ಅವರು 1951ರಲ್ಲಿ ಅಲ್ಲೇ ತೀರಿಕೊಂಡರು. ಅವರ ಹೆಸರಿನ ಚರ್ಚಿಗೆ ಸರಕಾರದ ಮಾನ್ಯತೆ ದೊರೆತದ್ದು 1959ರಲ್ಲಿ. ನೇಥನ್ ಪ್ರೈಸ್ ಕಿಲಾಂಗಕ್ಕೆ ಬಂದಿಳಿದ ವರ್ಷವೇ ಅದು! ಅಂದರೆ ಬಿಳಿಯ ಬೋಧಕ ವಿಷದ ಮರದ ಹೆಸರು ಹೇಳುತ್ತಿದ್ದಾಗ, ಅದೇ ಭಾಷೆಯ ಜನ ಅದೇ ಧರ್ಮವನ್ನು ತಮ್ಮ ನಾಲಿಗೆಯಲ್ಲಿ, ತಮ್ಮ ಸ್ವಾಭಿಮಾನದ ಹೋರಾಟವಾಗಿ ಮಾತಾಡುತ್ತಿದ್ದರು. ಕಾದಂಬರಿಗೆ ಇದು ಕಾಣದಿದ್ದುದು ಯಾಕೆ? ಬಿಳಿಯನ ತಪ್ಪನ್ನೇ ದಿಟ್ಟಿಸುವ ಕಣ್ಣಿಗೆ ಕರಿಯನ ಆಯ್ಕೆ ಕಾಣುವುದಿಲ್ಲ. ಧರ್ಮ ಬದಲಿಸಿದವರೆಲ್ಲ ಮೋಸಹೋದವರು ಎಂದು ನಮ್ಮಲ್ಲಿ ಹೇಳುವವರಿಗೂ ಇದೇ ಕುರುಡು ಇದೆ.

ಮಿಷನರಿಗಳಲ್ಲೂ ಎಲ್ಲರೂ ನೇಥನ್‌ಗಳಾಗಿರಲಿಲ್ಲ. ಬೆಲ್ಜಿಯಂನ ಅರಸ ಎರಡನೆಯ ಲಿಯೊಪೋಲ್ಡ್ 1885ರಿಂದ 1908ರವರೆಗೆ ಕಾಂಗೋವನ್ನು ಸ್ವಂತ ಆಸ್ತಿಯಂತೆ ಆಳಿ, ರಬ್ಬರಿಗಾಗಿ ಜನರ ಕೈ ಕಡಿಸಿದ ಕ್ರೌರ್ಯವನ್ನು ಲೋಕಕ್ಕೆ ತಿಳಿಸಿದವರಲ್ಲಿ ಮಿಷನರಿಗಳೂ ಇದ್ದರು. ಅಮೆರಿಕದ ಕರಿಯ ಬೋಧಕ ವಿಲಿಯಂ ಶೆಪರ್ಡ್ ಕಡಿದ ಕೈಗಳನ್ನು ಎಣಿಸಿ ವರದಿ ಮಾಡಿದರು. ಮುಂದೆ ರಬ್ಬರ್ ಕಂಪನಿ ಹೂಡಿದ ಮಾನಹಾನಿ ಮೊಕದ್ದಮೆಯನ್ನು ಎದುರಿಸಿ 1909ರಲ್ಲಿ ಗೆದ್ದರು. ಇಂಗ್ಲೆಂಡಿನ ಆಲಿಸ್ ಸೀಲಿ ಹ್ಯಾರಿಸ್ ಎಂಬ ಮಿಷನರಿ ಹೆಣ್ಣುಮಗಳು 1904ರಲ್ಲಿ ಒಬ್ಬ ತಂದೆ ತನ್ನ ಪುಟ್ಟ ಮಗಳ ಕಡಿದ ಕೈ ಮತ್ತು ಪಾದವನ್ನು ಎದುರಿಗಿಟ್ಟುಕೊಂಡು ಕೂತಿರುವ ಚಿತ್ರವನ್ನು ತೆಗೆದರು. ಆ ಚಿತ್ರಗಳನ್ನು ಗಂಡ ಹೆಂಡತಿ ಊರೂರಿಗೆ ಒಯ್ದು ತೋರಿಸಿದರು. ಮಿಷನರಿಯ ಹೆಂಡತಿ ಎಂದರೆ ಬಾಯಿ ಮುಚ್ಚಿ ನೋಯುವವಳು ಮಾತ್ರವಲ್ಲ, ಕ್ಯಾಮೆರಾ ಹಿಡಿದು ಸಾಕ್ಷಿ ನುಡಿದವಳೂ ಹೌದು. ಕಾದಂಬರಿಯಲ್ಲಿ ಒಳ್ಳೆಯ ಮಿಷನರಿಯಾಗಿ ಬರುವ ಫೌಲ್ಸ್ ಊರಿನ ಹೆಣ್ಣನ್ನೇ ಮದುವೆಯಾದ ಮೃದು ಮನಸ್ಸಿನವನು. ಆದರೆ ಆತ ಬಂದು ಹೋಗುವ ಅತಿಥಿ, ಕತೆಯ ಭಾರವನ್ನು ಹೊರುವವನಲ್ಲ. ಕನ್ನಡಕ್ಕೂ ಬಂದಿರುವ ಚಿನುವ ಅಚಿಬೆಯ 1958ರ 'ಥಿಂಗ್ಸ್ ಫಾಲ್ ಅಪಾರ್ಟ್' ಕೂಡ ಒಬ್ಬ ಮೃದು ಮಿಷನರಿಯನ್ನೂ ಒಬ್ಬ ಕಠೋರ ಮಿಷನರಿಯನ್ನೂ ಎದುರುಬದುರು ನಿಲ್ಲಿಸುತ್ತದೆ. ಆದರೆ ಅಚಿಬೆಯಲ್ಲಿ ಹಳ್ಳಿಯೇ ನೋಡುತ್ತದೆ, ಮಿಷನರಿ ನೋಟಕ್ಕೆ ಗುರಿಯಾಗುತ್ತಾನೆ. ಹೊಸ ಧರ್ಮದತ್ತ ಮೊದಲು ಹೋದವರು ಊರೇ ದೂರವಿಟ್ಟವರು ಎಂಬ ನೋಯುವ ಸತ್ಯವನ್ನೂ ಅವರು ಬಚ್ಚಿಡುವುದಿಲ್ಲ.

ನೇಥನ್‌ನ ಸಾವನ್ನು ಕಾದಂಬರಿ ಗಾಳಿಮಾತಿನಂತೆ ಹೇಳಿ ಮುಗಿಸುತ್ತದೆ. ದೋಣಿ ಮಗುಚಿ ಮಕ್ಕಳು ಮೊಸಳೆಯ ಬಾಯಿಗೆ ಬಿದ್ದಾಗ ಸಿಟ್ಟಿಗೆದ್ದ ಜನ ಅವನನ್ನು ಅಟ್ಟಿಸಿಕೊಂಡು ಹೋಗಿ, ಆತ ಹತ್ತಿದ ಹಳೆಯ ಕಾವಲುಗೋಪುರಕ್ಕೆ ಬೆಂಕಿಯಿಟ್ಟರಂತೆ. ಅಮೆರಿಕದ ಓದುಗರಿಗೆ ಇದು ಮಾಡಿದ್ದುಣ್ಣುವ ನ್ಯಾಯವೆನಿಸಬಹುದು. ಈ ಪುಸ್ತಕ ಬಂದ ಕೆಲವೇ ತಿಂಗಳಿಗೆ, 1999ರ ಜನವರಿಯಲ್ಲಿ, ಒಡಿಶಾದ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ ಅವರನ್ನೂ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿಯನ್ನೂ ಅವರು ಮಲಗಿದ್ದ ವಾಹನದಲ್ಲೇ ಸುಟ್ಟರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆನೆಂದರು, ಮಗಳೊಂದಿಗೆ ಇಲ್ಲೇ ಉಳಿದು ಬಾರಿಪದಾದ ಕುಷ್ಠರೋಗಿಗಳ ಕೆಲಸವನ್ನು 2004ರವರೆಗೆ ನಡೆಸಿದರು. ಇದನ್ನು ಬಲ್ಲ ನಾವು ಉರಿಯುವ ಗೋಪುರದ ಪುಟವನ್ನು ಸಲೀಸಾಗಿ ತಿರುವಲಾರೆವು. ಅಹಂಕಾರಿಯಾದ ಬೋಧಕನನ್ನೂ ಬೆಂಕಿಗೆ ಕೊಡಲು ಸಾಹಿತ್ಯ ಒಪ್ಪಬಾರದು.

ಹಾಗಿದ್ದೂ ಈ ಕಾದಂಬರಿ ಎತ್ತುವ ಮನೆಯ ಪ್ರಶ್ನೆ ನಮ್ಮ ನೆಲಕ್ಕೂ ಸಲ್ಲುತ್ತದೆ. ಕಿಟೆಲ್ ಅವರ ಮೊದಲ ಪತ್ನಿ ಪೌಲೀನ್ 1864ರಲ್ಲಿ ತೀರಿಕೊಂಡರು. ಮುಂದೆ ಅವರು ಪೌಲೀನ್‌ರ ಸಹೋದರಿ ಜೂಲಿಯನ್ನು ಮದುವೆಯಾದರು. ನಿಘಂಟನ್ನು ಮುಟ್ಟುವ ನಮ್ಮಲ್ಲಿ ಎಷ್ಟು ಜನರಿಗೆ ಆ ಇಬ್ಬರ ಹೆಸರು ಗೊತ್ತು? ಬಾಸೆಲ್ ಮಿಷನ್ನಿನವರು ಹೊರದೇಶಗಳಲ್ಲಿದ್ದ ತಮ್ಮ ಬೋಧಕರ ಮಕ್ಕಳಿಗೆಂದೇ 1853ರಲ್ಲಿ ಬಾಸೆಲ್‌ನಲ್ಲಿ ಒಂದು ಮನೆ ತೆರೆದಿದ್ದರು. ಎಳೆಯ ಮಕ್ಕಳನ್ನು ಹಡಗು ಹತ್ತಿಸಿ ಕಳಿಸಿ, ತಂದೆತಾಯಿ ಇಲ್ಲಿ ದುಡಿದರು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಗುಂಡರ್ಟ್ ಅವರ ಮಗಳು ಮೇರಿಯೂ ಹಾಗೆ ಯುರೋಪಿನಲ್ಲಿ ಬೆಳೆದು 1857ರಲ್ಲಿ ತಿರುಗಿ ಬಂದವಳು. ಕಾದಂಬರಿಕಾರ ಹರ್ಮನ್ ಹೆಸ್ಸೆ ಅವಳ ಮಗ. ಕಿಟೆಲ್, ಗುಂಡರ್ಟ್ ನೇಥನ್‌ಗೆ ತದ್ವಿರುದ್ಧರು, ನೆಲದವರ ಬಾಯಿಂದ ಪದ ಕಲಿತು ಬರೆದಿಟ್ಟವರು. ಆದರೂ ಮನೆಯ ಲೆಕ್ಕದಲ್ಲಿ ಅವರ ಪಾಲಿಗೂ ಅಗಲಿಕೆ, ಸಾವುಗಳಿದ್ದವು.

ದೀನಿನ ಕೆಲಸಕ್ಕೆಂದು ತಿಂಗಳುಗಟ್ಟಲೆ ಹೊರಡುವವರು ನಮ್ಮಲ್ಲೂ ಇದ್ದಾರೆ. ಸಂಸಾರವನ್ನು ಬಿಟ್ಟು ಹೋದವರನ್ನು ಎಲ್ಲ ಧರ್ಮಗಳೂ ಹಾಡಿ ಹೊಗಳಿವೆ. ಹೋದವರ ಹಿಂದೆ ಉಳಿದವರು, ಅಥವಾ ಅವರ ಹಿಂದೆಯೇ ಹೋಗಬೇಕಾದವರು ಏನೆಂದುಕೊಂಡರು ಎಂದು ಕೇಳಿದವರು ಕಡಿಮೆ. 'ದಿ ಪಾಯ್ಸನ್‌ವುಡ್ ಬೈಬಲ್' ಅದನ್ನು ಕೇಳಿತು, ಅದು ಅದರ ದೊಡ್ಡಸ್ತಿಕೆ. ಉಪದೇಶ ಕೇಳಿದವರು, ಒಪ್ಪಿದವರು, ಒಪ್ಪಿ ತಮ್ಮದನ್ನಾಗಿ ಮಾಡಿಕೊಂಡವರು ಏನೆಂದುಕೊಂಡರು ಎಂದು ಅದು ಕೇಳಲಿಲ್ಲ. ಕಿಂಬಾಂಗುವಿನ ಕಾಂಗೋವನ್ನು ಪಕ್ಕದಲ್ಲಿಟ್ಟುಕೊಂಡು ಈ ಪುಸ್ತಕವನ್ನು ಓದಿದರೆ, ಮಿಷನರಿಯನ್ನು ಪೂಜಿಸುವ ಅಥವಾ ದ್ವೇಷಿಸುವ ನಮ್ಮ ಚಾಳಿ ಎರಡೂ ಸ್ವಲ್ಪ ಸಡಿಲವಾದೀತು.