ಕೇಳಿದ ಮೇಲೆ ಉತ್ತರ ಕೊಡಬೇಕು: ಶಿಕ್ಷಣ ಸುಧಾರಣೆ ಮತ್ತು ಸಾರ್ವಜನಿಕ ಸಮಾಲೋಚನೆ

ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳ ವ್ಯವಸ್ಥೆಯನ್ನು ಬದಲಿಸುವ ಮುನ್ನ ಸರ್ಕಾರ ತನ್ನ ಕರಡನ್ನು ಜನರ ಮುಂದಿಟ್ಟು ಸಲಹೆ, ಆಕ್ಷೇಪಣೆ ಕೇಳುವ ಪದ್ಧತಿಗೆ ಸಾರ್ವಜನಿಕ ಸಮಾಲೋಚನೆ ಎಂದು ಹೆಸರು. ಭಾರತದಲ್ಲಿ ಇದರ ಅತಿ ದೊಡ್ಡ ಪ್ರಯೋಗ 2015ರಿಂದ 2020ರವರೆಗೆ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ನಡೆಯಿತು. ಗ್ರಾಮ ಪಂಚಾಯಿತಿಯವರೆಗೂ ಇಳಿದು ಕೇಳಿದ್ದು ಅದರ ಹಿರಿಮೆ. ಕೇಳಿದ್ದಕ್ಕೆ ಲೆಕ್ಕ ಒಪ್ಪಿಸದೆ ಉಳಿದದ್ದು ಅದರ ದೊಡ್ಡ ಕೊರತೆ.

ಶಿಕ್ಷಣದ ವಿಷಯದಲ್ಲಿ ಜನರ ಅಹವಾಲು ಕೇಳುವ ರೂಢಿ ಹಳೆಯದು. 1882ರ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಮಾಜ ಸುಧಾರಕ ಜೋತಿರಾವ್ ಫುಲೆ ಲಿಖಿತ ಹೇಳಿಕೆ ಸಲ್ಲಿಸಿದರು. ಸರ್ಕಾರದ ಆದಾಯದ ಬಹುಪಾಲು ರೈತನ ಬೆವರಿನಿಂದ ಬರುತ್ತದೆ, ಖರ್ಚಾಗುವುದು ಮಾತ್ರ ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಎಂಬುದು ಅವರ ವಾದ. ಹನ್ನೆರಡು ವರ್ಷದವರೆಗಾದರೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕು, ಶಿಕ್ಷಕರು ಆದಷ್ಟೂ ಒಕ್ಕಲು ಮಕ್ಕಳೇ ಆಗಿರಬೇಕು ಎಂದು ಅವರು ಕೇಳಿದರು. ಬ್ರಿಟಿಷ್ ಸರ್ಕಾರ ಅದನ್ನು ನಡೆಸಿಕೊಡಲಿಲ್ಲ. ಆದರೂ ಹೇಳಿಕೆ ಅವರ ಹೆಸರಿನಲ್ಲೇ ದಾಖಲೆಯಲ್ಲಿ ಉಳಿಯಿತು. ಯಾರು ಏನು ಕೇಳಿದರು, ಯಾವುದು ಸಿಗಲಿಲ್ಲ ಎಂಬುದನ್ನು ಇಂದಿಗೂ ತಾಳೆ ನೋಡಬಹುದು.

ಸ್ವಾತಂತ್ರ್ಯಾನಂತರ ಡಿ.ಎಸ್. ಕೊಠಾರಿ ಅಧ್ಯಕ್ಷತೆಯ ಆಯೋಗ (1964–66) ರಾಜ್ಯಗಳನ್ನು ಸುತ್ತಿ ಸುಮಾರು 9,000 ಜನರನ್ನು ಸಂದರ್ಶಿಸಿತು, 2,400ಕ್ಕೂ ಹೆಚ್ಚು ಮನವಿಪತ್ರಗಳನ್ನು ಪರಿಶೀಲಿಸಿತು. 1986ರ ನೀತಿಗೆ ಮುನ್ನ, 1985ರಲ್ಲಿ, ಕೇಂದ್ರ ಸರ್ಕಾರ ಅಂದಿನ ಶಿಕ್ಷಣದ ಸ್ಥಿತಿಯನ್ನು ವಿವರಿಸುವ ದಾಖಲೆಯೊಂದನ್ನು ದೇಶದ ಚರ್ಚೆಗಾಗಿ ಹೊರತಂದಿತು. ಮೊದಲು ತೊಂದರೆ ಏನೆಂದು ಹೇಳಿ, ಆಮೇಲೆ ಪರಿಹಾರ ಕೇಳುವ ಈ ಕ್ರಮ ಜನರನ್ನು ಗೌರವಿಸುವ ಕ್ರಮ.

ಸಮಾಲೋಚನೆಯ ಗುಣವನ್ನು ಅಳೆಯಲು ಒಂದು ಒಳ್ಳೆಯ ಮಾನದಂಡ ಹುಟ್ಟಿದ್ದೂ ಶಾಲೆಗಳ ವಿವಾದದಿಂದಲೇ. ಲಂಡನ್ನಿನ ಬ್ರೆಂಟ್ ಸ್ಥಳೀಯಾಡಳಿತ ಶಾಲೆಗಳನ್ನು ಮುಚ್ಚಿ ವಿಲೀನಗೊಳಿಸಲು ಹೊರಟಾಗ ಹೂಡಿದ ಗನ್ನಿಂಗ್ ಮೊಕದ್ದಮೆಯಲ್ಲಿ, 1985ರಲ್ಲಿ, ಇಂಗ್ಲೆಂಡಿನ ನ್ಯಾಯಾಲಯ ನಾಲ್ಕು ಸೂತ್ರಗಳನ್ನು ಒಪ್ಪಿತು. ನಿರ್ಧಾರ ಗಟ್ಟಿಯಾಗುವ ಮುನ್ನವೇ ಕೇಳಬೇಕು. ವಿಚಾರ ಮಾಡಿ ಉತ್ತರಿಸಲು ಬೇಕಾದಷ್ಟು ಮಾಹಿತಿ ಕೊಡಬೇಕು. ಸಾಕಷ್ಟು ಕಾಲಾವಕಾಶ ಇರಬೇಕು. ಬಂದ ಉತ್ತರಗಳನ್ನು ಮನಸ್ಸಿಟ್ಟು ಪರಿಗಣಿಸಬೇಕು. ಭಾರತದಲ್ಲೂ 2014ರಿಂದ ಶಾಸನಪೂರ್ವ ಸಮಾಲೋಚನಾ ನೀತಿ ಇದೆ. ಮಸೂದೆ, ನಿಯಮಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಸರಳ ಭಾಷೆಯ ಟಿಪ್ಪಣಿ ಜೊತೆಗಿರಬೇಕು, ಬಂದ ಅಭಿಪ್ರಾಯಗಳ ಸಾರಾಂಶ ಪ್ರಕಟಿಸಬೇಕು ಎಂದು ಅದು ಹೇಳುತ್ತದೆ. ಅದು ಕಾನೂನುಗಳಿಗಾಗಿ ರೂಪಿಸಿದ್ದು. ಶಿಕ್ಷಣ ನೀತಿಯಂಥ ನೀತಿ ದಾಖಲೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ರಾಷ್ಟ್ರೀಯ ಶಿಕ್ಷಣ ನೀತಿಯ ಸಮಾಲೋಚನೆ 2015ರ ಜನವರಿಯಲ್ಲಿ ಆರಂಭವಾಯಿತು. ಶಾಲಾ ಶಿಕ್ಷಣದ 13, ಉನ್ನತ ಶಿಕ್ಷಣದ 20, ಒಟ್ಟು 33 ವಿಷಯಗಳನ್ನು ಸರ್ಕಾರ ಗೊತ್ತುಮಾಡಿತು. 2.5 ಲಕ್ಷ ಗ್ರಾಮ ಪಂಚಾಯಿತಿ, 6,600 ಬ್ಲಾಕ್, 6,000 ನಗರ ಸ್ಥಳೀಯ ಸಂಸ್ಥೆ, 676 ಜಿಲ್ಲೆಗಳಿಂದ ಸುಮಾರು 2 ಲಕ್ಷ ಸಲಹೆಗಳು ಬಂದವು ಎನ್ನುತ್ತದೆ ಕೇಂದ್ರದ ಪ್ರಕಟಣೆ. ಟಿ.ಎಸ್.ಆರ್. ಸುಬ್ರಮಣಿಯನ್ ಸಮಿತಿ 2016ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಇಸ್ರೋದ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ಅವರ ಸಮಿತಿ 2017ರಲ್ಲಿ ರಚನೆಯಾಗಿ 2019ರ ಮೇ 31ರಂದು 484 ಪುಟಗಳ ಕರಡು ಸಲ್ಲಿಸಿತು. ಅಭಿಪ್ರಾಯ ಹೇಳಲು ಜೂನ್ 30ರವರೆಗೆ ಕೊಟ್ಟ ಗಡುವನ್ನು ಜುಲೈ 31ಕ್ಕೆ, ಬಳಿಕ ಆಗಸ್ಟ್ 15ಕ್ಕೆ ಮುಂದೂಡಲಾಯಿತು. 2020ರ ಜುಲೈ 29ರಂದು ಕೇಂದ್ರ ಸಚಿವ ಸಂಪುಟ ನೀತಿಗೆ ಒಪ್ಪಿಗೆ ನೀಡಿತು.

ಕರಡು ಜನರ ಮುಂದಿದ್ದ ಆ ದಿನಗಳಲ್ಲಿ ಒಂದು ಸಾಲು ಬದಲಾದ ಬಗೆಯನ್ನು ಹತ್ತಿರದಿಂದ ನೋಡಬೇಕು. ತ್ರಿಭಾಷಾ ಸೂತ್ರದ ಭಾಗದಲ್ಲಿ, ಹಿಂದಿಯೇತರ ರಾಜ್ಯಗಳ ಮಕ್ಕಳು ಪ್ರಾದೇಶಿಕ ಭಾಷೆ, ಹಿಂದಿ ಮತ್ತು ಇಂಗ್ಲಿಷ್ ಕಲಿಯುವರು ಎಂಬ ಮಾತಿತ್ತು. ತಮಿಳುನಾಡಿನಲ್ಲಿ ಆಕ್ರೋಶ ಭುಗಿಲೆದ್ದಿತು, ಕರ್ನಾಟಕದಲ್ಲೂ ಹಿಂದಿ ಹೇರಿಕೆಯ ವಿರುದ್ಧ ದನಿ ಎದ್ದಿತು. ಜೂನ್ 3ರಂದು, ನಾಲ್ಕೇ ದಿನದೊಳಗೆ, ಆ ಮಾತನ್ನು ಕೈಬಿಟ್ಟು, ಆರು ಅಥವಾ ಏಳನೇ ತರಗತಿಯಲ್ಲಿ ಭಾಷೆ ಬದಲಿಸಿಕೊಳ್ಳುವ ಅವಕಾಶವನ್ನಷ್ಟೇ ಉಳಿಸಿದ ಪರಿಷ್ಕೃತ ಪಠ್ಯ ಹೊರಬಂತು. ಸಮಾಲೋಚನೆ ನಿಜವಾಗಿಯೂ ಕೆಲಸ ಮಾಡಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಅಲ್ಲಿ ಒಂದು ಭಾಷಿಕ ಸಮುದಾಯವೇ ಬೀದಿಗಿಳಿಯುವ ಹೊತ್ತು ಬಂದಿತ್ತು. ಬೀದಿಗಿಳಿಯುವ ಬಲವಿಲ್ಲದವರ ಮಾತಿಗೆ ಏನಾಯಿತು ಎಂಬುದು ನಂತರದ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಹುಡುಕಿದರೆ ಸಿಗುವುದು ಮೌನ. ಶಿಕ್ಷಣ ಹಕ್ಕು ಕಾಯ್ದೆಯನ್ನು 3ರಿಂದ 18 ವರ್ಷದವರಿಗೆ ವಿಸ್ತರಿಸಬೇಕು ಎಂದು ಕರಡು ಹೇಳಿತ್ತು. ಅಂತಿಮ ನೀತಿ ಆ ವಯಸ್ಸಿನ ಎಲ್ಲರಿಗೂ ಶಿಕ್ಷಣ ಎಂಬ ಗುರಿ ಇಟ್ಟುಕೊಂಡಿತು, ಕಾಯ್ದೆಯ ವಿಸ್ತರಣೆಯನ್ನು ಬಿಟ್ಟಿತು. ಪ್ರಧಾನಿ ಅಧ್ಯಕ್ಷತೆಯ ರಾಷ್ಟ್ರೀಯ ಶಿಕ್ಷಾ ಆಯೋಗದ ಪ್ರಸ್ತಾವವೂ ಮಾಯವಾಯಿತು. ಎರಡನೆಯದು ಹೋದದ್ದರಿಂದ ಹಲವರಿಗೆ ಸಮಾಧಾನವಾಗಿರಬಹುದು. ಮೊದಲನೆಯದು ಹೋದದ್ದರಿಂದ ಹತ್ತನೇ ತರಗತಿಗೆ ಮುನ್ನವೇ ಶಾಲೆ ಬಿಡುವ ಬಡವರ ಮನೆಯ ಹುಡುಗಿಗೆ ಕಾನೂನಿನ ಆಸರೆ ತಪ್ಪಿತು. ಯಾರ ಸಲಹೆಯಿಂದ, ಯಾವ ಕಾರಣಕ್ಕೆ ಈ ಬದಲಾವಣೆಗಳಾದವು ಎಂಬುದು ನೀತಿಯ ಪಠ್ಯದಲ್ಲಿ ಇಲ್ಲ. ಎರಡು ಲಕ್ಷ ಎಂಬ ಸಂಖ್ಯೆ ಪ್ರಕಟಣೆಯಲ್ಲಿದೆ. ಆ ಸಲಹೆಗಳಲ್ಲಿ ಸ್ವೀಕರಿಸಿದ್ದು ಯಾವುದು, ತಳ್ಳಿಹಾಕಿದ್ದು ಏಕೆ ಎಂಬ ವಿವರಣೆ ಅಲ್ಲಿಲ್ಲ.

ಭಾಷೆಯ ತೊಡಕು ಇದಕ್ಕಿಂತ ಮೊದಲೇ ಎದುರಾಗುತ್ತದೆ. ಕರಡು ಮೊದಲು ಹೊರಬಂದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಮಾತೃಭಾಷೆಯಲ್ಲಿ ಕಲಿಕೆ ಎಂದು ಸಾರುವ ದಾಖಲೆಯೇ ಕನ್ನಡ ಶಾಲೆಯ ಶಿಕ್ಷಕಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯೆಯಾದ ತಾಯಿಗೆ ತಮ್ಮ ಭಾಷೆಯಲ್ಲಿ ಮೊದಲ ದಿನವೇ ಸಿಗಲಿಲ್ಲ. 2020ರಲ್ಲಿ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಕರಡಿನ ವಿಷಯದಲ್ಲಿ ದೆಹಲಿ ಹೈಕೋರ್ಟ್, ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ ಎಲ್ಲ ಭಾಷೆಗಳಿಗೂ ಅನುವಾದಿಸಬೇಕೆಂದು ಆದೇಶಿಸಿತು. ಪರಿಸರಕ್ಕೆ ಸಲ್ಲುವ ಈ ನ್ಯಾಯ ಮಕ್ಕಳ ಓದಿಗೂ ಸಲ್ಲಬೇಕು.

ವಿಶ್ವವಿದ್ಯಾಲಯಗಳ ಸುಧಾರಣೆಯಲ್ಲಿ ಕಂಡದ್ದು ಅವಸರ. ವಿಶ್ವವಿದ್ಯಾಲಯ ಅನುದಾನ ಆಯೋಗವನ್ನು (ಯುಜಿಸಿ) ತೆಗೆದು ಉನ್ನತ ಶಿಕ್ಷಣ ಆಯೋಗ ಸ್ಥಾಪಿಸುವ ಮಸೂದೆಯ ಕರಡು 2018ರ ಜೂನ್ 27ರಂದು ಹೊರಬಂತು. ಅಭಿಪ್ರಾಯಕ್ಕೆ ಕೊಟ್ಟ ಗಡುವು ಜುಲೈ 7. ವಿರೋಧ ಬಂದ ಮೇಲೆ ಜುಲೈ 20ಕ್ಕೆ ವಿಸ್ತರಿಸಿದರೂ ಸರ್ಕಾರವೇ ಒಪ್ಪಿಕೊಂಡ 30 ದಿನ ತುಂಬಲಿಲ್ಲ. 2025ರ ಜನವರಿಯಲ್ಲಿ ಯುಜಿಸಿ ಹೊರತಂದ ಕರಡು ನಿಯಮಗಳಿಗೆ ಕಾಲಾವಕಾಶ ಸಾಕಷ್ಟಿತ್ತು, ಫೆಬ್ರವರಿ 28ರವರೆಗೂ ವಿಸ್ತರಣೆಯಾಯಿತು. ಅಲ್ಲಿನ ಕೊರತೆ ಬೇರೆ. ಕುಲಪತಿ ಆಯ್ಕೆಯ ಶೋಧನಾ ಸಮಿತಿಯಲ್ಲಿ ಕುಲಾಧಿಪತಿ, ಯುಜಿಸಿ ಮತ್ತು ವಿಶ್ವವಿದ್ಯಾಲಯದ ಪ್ರತಿನಿಧಿಗಳಿದ್ದರು. ರಾಜ್ಯ ಸರ್ಕಾರದ ಪ್ರತಿನಿಧಿ ಇರಲಿಲ್ಲ. ಕರ್ನಾಟಕ ಸೇರಿ ಹಲವು ರಾಜ್ಯಗಳ ಪ್ರತಿನಿಧಿಗಳು ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಸೇರಿ ಇದನ್ನು ವಿರೋಧಿಸಿದರು. ಅಧ್ಯಾಪಕರ ಸಂಬಳ ಭರಿಸುವ ರಾಜ್ಯವನ್ನು ಇತರ ಅಭಿಪ್ರಾಯದಾರರ ಸಾಲಿನಲ್ಲಿ ನಿಲ್ಲಿಸಿದರೆ ಅದು ಸಮಾಲೋಚನೆ ಎನಿಸದು. ಕರಡು ಬರೆಯುವಾಗಲೇ ರಾಜ್ಯಗಳ ಜೊತೆ ಕೂತು ಮಾತಾಡಬೇಕಿತ್ತು.

ರಾಜ್ಯ ಸರ್ಕಾರಗಳೂ ಈ ತಪ್ಪಿನಿಂದ ಹೊರತಲ್ಲ. ರಾಷ್ಟ್ರೀಯ ನೀತಿಯನ್ನು ಮೊದಲು ಜಾರಿಗೆ ತಂದ ರಾಜ್ಯವೆಂಬ ಹೆಸರಿಗಾಗಿ ಕರ್ನಾಟಕ 2021ರಲ್ಲೇ ನಾಲ್ಕು ವರ್ಷದ ಪದವಿ ಆರಂಭಿಸಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇರೆಗೆ 2024ರ ಮೇ ತಿಂಗಳಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಡುವಿನ ಮೂರು ವರ್ಷಗಳಲ್ಲಿ ಸೇರಿದ ವಿದ್ಯಾರ್ಥಿಗಳು ಒಂದು ಪಠ್ಯಕ್ರಮದಲ್ಲಿ, ನಂತರ ಸೇರಿದವರು ಇನ್ನೊಂದರಲ್ಲಿ ಓದಬೇಕಾಯಿತು. ಅದೇ ಕೊಠಡಿಗಳಲ್ಲಿ, ಅದೇ ಅತಿಥಿ ಉಪನ್ಯಾಸಕರು ಎರಡನ್ನೂ ಬೋಧಿಸಿದರು. ಸಂಪೂರ್ಣ ಸಮಾಲೋಚನೆ ಮುಗಿಯುವ ಮುನ್ನವೇ ಹೆಜ್ಜೆ ಇಟ್ಟ ಎರಡೂ ನಿರ್ಧಾರಗಳ ಬೆಲೆ ತೆತ್ತವರು ಇವರು.

ಆಯೋಗ 2025ರ ಆಗಸ್ಟ್‌ನಲ್ಲಿ ಅಂತಿಮ ವರದಿ ನೀಡಿ ದ್ವಿಭಾಷಾ ಸೂತ್ರ, ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷಾ ಮಾಧ್ಯಮವನ್ನು ಶಿಫಾರಸು ಮಾಡಿದೆ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಕರ್ನಾಟಕದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಈ ಮಿತಿಯನ್ನು ಮುಚ್ಚಿಟ್ಟು ಜನರ ಅಭಿಪ್ರಾಯ ಕೇಳಿದರೆ ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿಯ ನೆನಪಿನ ನಾಡಿನಲ್ಲಿ ಭರವಸೆ ಬೆಳೆಯುತ್ತದೆ, ಆಮೇಲೆ ಮುರಿಯುತ್ತದೆ. ಮಿತಿ ಹೇಳಿ ಕೇಳಿದರೆ ಸರ್ಕಾರಿ ಶಾಲೆಯ ಗುಣಮಟ್ಟ ಹೆಚ್ಚಿಸುವಂಥ, ಮಾಡಲು ಸಾಧ್ಯವಿರುವ ಮಾರ್ಗಗಳತ್ತ ಚರ್ಚೆ ತಿರುಗುತ್ತದೆ.

ಪದ್ಧತಿಯನ್ನು ತಿದ್ದಲು ಹೊಸ ಸಂಸ್ಥೆ ಬೇಕಿಲ್ಲ. ಸರ್ಕಾರಿ ಶಾಲೆಗಳಲ್ಲಿ ಪೋಷಕರೇ ಹೆಚ್ಚಿರುವ ಎಸ್‌ಡಿಎಂಸಿ ಇದೆ, ಗ್ರಾಮಸಭೆ ಇದೆ, ವಿಶ್ವವಿದ್ಯಾಲಯಗಳಲ್ಲಿ ವಿದ್ಯಾವಿಷಯಕ ಪರಿಷತ್ತು ಇದೆ. ಕರಡು ಕನ್ನಡದಲ್ಲಿ, ಹತ್ತು ಪುಟದ ಸಾರಾಂಶದೊಂದಿಗೆ, ಇವುಗಳ ಮುಂದೆ ಬರಬೇಕು. ಪರೀಕ್ಷೆ, ಬೇಸಿಗೆ ರಜೆಯ ದಿನಗಳಲ್ಲಿ ಗಡುವು ಬೀಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅಂತಿಮ ನೀತಿಯ ಜೊತೆಗೇ ಉತ್ತರಗಳ ಸಂಪುಟವೊಂದು ಹೊರಬರಬೇಕು: ಯಾವ ಅಂಶಕ್ಕೆ ಯಾವ ಸಲಹೆಗಳು ಬಂದವು, ಏನು ಬದಲಾಯಿತು, ಬದಲಾಗದಿದ್ದರೆ ಕಾರಣವೇನು. ತಮ್ಮ ಮಾತನ್ನು ಒಪ್ಪದ ಸರ್ಕಾರವನ್ನು ಜನ ಸಹಿಸಿಕೊಳ್ಳಬಲ್ಲರು, ಕಾರಣ ಹೇಳಿದರೆ ಮುಂದಿನ ಬಾರಿಯೂ ಬಂದು ಮಾತಾಡುತ್ತಾರೆ. ಕಾರಣ ಸಿಗದಿದ್ದಲ್ಲಿ ಸಮಾಲೋಚನೆ ಕಾಟಾಚಾರವಾಗುತ್ತದೆ, ಶಾಲೆಯ ಮೇಲಿನ ಹಕ್ಕು ತಮ್ಮದೂ ಹೌದು ಎಂಬ ಭಾವನೆಯನ್ನು ಊರಿನವರು ಕಳೆದುಕೊಳ್ಳುತ್ತಾರೆ.